ಐವತ್ತರ ಆಸುಪಾಸಿನಲ್ಲಿ ಜೋಡಿ ಸೈಕಲ್: ಬೆಂಗಳೂರಿನ ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡ ಹೆಂಡತಿ ಸೇರಿ ಒಂದೇ ದಿನ ಎರಡು ಸೈಕಲ್ ತರುತ್ತಾರೆ. ಮೂರು ತಿಂಗಳಲ್ಲಿ ಒಂದು ಓಡಾಡುತ್ತಿರುತ್ತದೆ, ಇನ್ನೊಂದರ ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತಿರುತ್ತದೆ. ಇದಕ್ಕೆ ಸೋಮಾರಿತನವೇ ಕಾರಣ ಎನ್ನುವಂತಿಲ್ಲ. ಸೈಕಲ್ಲಿನ ಅಳತೆ ಒಬ್ಬರಿಗೆ ಒಗ್ಗಿರುವುದಿಲ್ಲ, ಇಲ್ಲವೇ ಇನ್ನೊಬ್ಬರ ವೇಗಕ್ಕೆ ಹೊಂದಿಕೊಳ್ಳಲು ಹೋಗಿ ಸುಸ್ತಾಗಿರುತ್ತದೆ. ಕೆಳಗಿನ ಬಹುಪಾಲು ಉತ್ತರಗಳು ಈ ಎರಡು ವಿಷಯಗಳ ಸುತ್ತಲೇ ಇವೆ.

ಈ ವಯಸ್ಸಿನಲ್ಲಿ ಶುರು ಮಾಡಬಹುದೇ? ಮೊದಲು ಡಾಕ್ಟರನ್ನು ಕೇಳಬೇಕೇ?

ಶುರು ಮಾಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮತ್ತು ಹತ್ತಾರು ವರ್ಷ ವ್ಯಾಯಾಮವನ್ನೇ ಮಾಡದವರು ಮೊದಲು ಡಾಕ್ಟರನ್ನು ಕಾಣಬೇಕು. ಅಲ್ಲಿ ‘ಸೈಕಲ್ ತುಳಿಯಬಹುದಾ?’ ಎಂದಷ್ಟೇ ಕೇಳಿದರೆ ‘ತುಳೀರಿ, ಒಳ್ಳೇದು’ ಎನ್ನುವ ಉತ್ತರ ಸಿಗುತ್ತದೆ. ನುಂಗುತ್ತಿರುವ ಮಾತ್ರೆಗಳ ಪಟ್ಟಿ ಮುಂದಿಟ್ಟು ಕೇಳಿ.

ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತುಳಿಯುವಾಗ ಸಕ್ಕರೆ ದಿಢೀರನೆ ಇಳಿಯಬಹುದು. ಹೊರಡುವ ಮುಂಚೆ ಗ್ಲೂಕೋಮೀಟರಿನಲ್ಲಿ 100ಕ್ಕಿಂತ ಕಡಿಮೆ ತೋರಿಸಿದರೆ ಏನಾದರೂ ತಿಂದೇ ಹೊರಡಬೇಕು. ಜೇಬಿನಲ್ಲಿ ಮೂರು ಚಮಚ ಗ್ಲೂಕೋಸ್ ಪುಡಿ ಇರಲಿ, ಅದು ಎಲ್ಲಿದೆ ಎಂಬುದು ಜೊತೆಗಾರರಿಗೂ ತಿಳಿದಿರಲಿ. ಕೈ ನಡುಗುವುದು, ತಣ್ಣನೆಯ ಬೆವರು, ವಿನಾಕಾರಣ ಸಿಡುಕು ಕಂಡರೆ ಅದು ಸಕ್ಕರೆ ಇಳಿದಿರುವ ಸೂಚನೆ. ಸಿಡುಕನ್ನು ಮನೆಯ ಜಗಳವೆಂದು ತಿಳಿದು ಮುಂದೆ ಹೋಗಿಬಿಡುವುದುಂಟು.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿಬಡಿತ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ. ಹಾಗಾಗಿ ಸ್ಮಾರ್ಟ್‌ವಾಚ್ ಹೇಳುವ ವಲಯಗಳನ್ನು ಅವರು ನಂಬಬಾರದು. ಎಲ್ಲರಿಗೂ ಒಗ್ಗುವ ಅಳತೆ ಎಂದರೆ, ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಂಡಿದಂತೆ ಆದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ಅಲ್ಲೇ ಇಳಿದು 108ಕ್ಕೆ ಫೋನ್ ಮಾಡಿ. ಮನೆವರೆಗೆ ತುಳಿದು ನೋಡೋಣ ಎನ್ನಬೇಡಿ.

ಒಂದೇ ಮಾದರಿಯ ಎರಡು ಸೈಕಲ್ ತೆಗೆದುಕೊಂಡರೆ ಅನುಕೂಲವಲ್ಲವೇ?

ಮಾದರಿ ಒಂದೇ ಇರಲಿ, ಟ್ಯೂಬು, ಪಂಪು, ಬ್ರೇಕ್ ಪ್ಯಾಡು ಎರಡಕ್ಕೂ ಹೊಂದುತ್ತವೆ. ಅಳತೆ ಮಾತ್ರ ಒಂದೇ ಇರಬಾರದು. ಆಫರ್ ಇದೆಯೆಂದು ಅಂಗಡಿಯಲ್ಲಿ ಉಳಿದ ಒಂದೇ ಸೈಜಿನ ಎರಡನ್ನು ಎತ್ತಿಕೊಂಡು ಬರುವುದು ಅತಿ ಸಾಮಾನ್ಯ ತಪ್ಪು. 155 ಸೆಂ.ಮೀ. ಎತ್ತರದವರಿಗೆ ಸಾಮಾನ್ಯವಾಗಿ ಸ್ಮಾಲ್, 172ರವರಿಗೆ ಮೀಡಿಯಂ ಅಥವಾ ಲಾರ್ಜ್. ಚಪ್ಪಲಿ ಬಿಟ್ಟು ಶೂ ಹಾಕಿ ಅಂಗಡಿಗೆ ಹೋಗಿ, ಫ್ರೇಮಿನ ಮೇಲಿನ ಕೊಳವೆಯ ಎರಡು ಪಕ್ಕಕ್ಕೂ ಕಾಲಿಟ್ಟು ನಿಂತಾಗ ಕೊಳವೆಗೂ ಮೈಗೂ ನಡುವೆ ಎರಡು ಮೂರು ಬೆರಳಾದರೂ ಸಂದು ಇರಬೇಕು. ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ನೆಟ್ಟಗೆ ಚಾಚಿಕೊಂಡರೆ ಫ್ರೇಮು ಉದ್ದವಾಯಿತು ಎಂದರ್ಥ, ಇಪ್ಪತ್ತು ನಿಮಿಷಕ್ಕೆ ಅಂಗೈ ಜೋಮು ಹಿಡಿಯುತ್ತದೆ.

ಊರೊಳಗಿನ ರಸ್ತೆಗೆ ಹೈಬ್ರಿಡ್ ಸೈಕಲ್ ಸಾಕು: 700ಸಿ ಚಕ್ರ, 35ರಿಂದ 40 ಮಿ.ಮೀ. ಅಗಲದ ಟೈರು, ಮುಂದಿನ ಚಕ್ರವನ್ನು ಹಿಡಿಯುವ, ಸಸ್ಪೆನ್ಶನ್ (ಏಟು ತಾಳುವ ಸ್ಪ್ರಿಂಗು) ಇಲ್ಲದ ಗಟ್ಟಿ ಫೋರ್ಕ್. ಅಗ್ಗದ ಸಸ್ಪೆನ್ಶನ್ ಫೋರ್ಕ್ ಗುಂಡಿಯ ಏಟನ್ನು ಅಷ್ಟಾಗಿ ತಡೆಯುವುದಿಲ್ಲ, ತೂಕವನ್ನಂತೂ ಸೇರಿಸುತ್ತದೆ. ಸೀರೆಯಲ್ಲೇ ಅಂಗಡಿಗೆ ಹೋಗಿಬರಬೇಕು ಎನ್ನುವವರಿಗೆ ಮೇಲಿನ ಕೊಳವೆ ತಗ್ಗಾಗಿರುವ ಲೇಡೀಸ್ ಫ್ರೇಮು, ಪೂರ್ತಿ ಮುಚ್ಚಿದ ಚೈನ್ ಕವರ್, ಹಿಂದಿನ ಚಕ್ರಕ್ಕೆ ಜಾಲರಿ, ಮೂರೂ ಇರಬೇಕು. ಇಲ್ಲದಿದ್ದರೆ ಸೆರಗು ಕಡ್ಡಿಗೆ ಸುತ್ತಿಕೊಳ್ಳುತ್ತದೆ.

ಬೆಂಗಳೂರು ಸಮತಟ್ಟಾಗಿದೆಯಲ್ಲ, ಗೇರು ಯಾಕೆ?

ಕಾರಿನಲ್ಲಿ ಕೂತವರಿಗೆ ಸಮತಟ್ಟು. ಇದು ಕೆರೆಗಳನ್ನು ಕಟ್ಟಿದ, ಆಮೇಲೆ ಅವುಗಳ ಮೇಲೆಯೇ ಬೆಳೆದ ಊರು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ. ಕೆರೆ ಇದ್ದಲ್ಲಿ ತಗ್ಗು ಇರಲೇಬೇಕು, ತಗ್ಗಿನಿಂದ ಹೊರಬರಲು ಏರು ಹತ್ತಲೇಬೇಕು. ಗೇರಿಲ್ಲದ ಸೈಕಲ್ ಮೊದಲು ಬಲಿ ತೆಗೆದುಕೊಳ್ಳುವುದು ಮಂಡಿಯನ್ನು.

ಕೊಳ್ಳುವಾಗ ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ, ಪೆಡಲ್ ಬಳಿಯ ಅತಿ ಚಿಕ್ಕದರ ಹಲ್ಲು ಮತ್ತು ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಮುಂದೆ 28, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಏರಿಗೆ ಇಂಥ ಹಗುರ ಗೇರೇ ಬೇಕು. ಮುಂದೆ 48, ಹಿಂದೆ 11 ಆದರೆ ಅದೇ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್, ಹೊಸಬರಿಗೆ ಇದು ಬೇಕಾಗುವುದೇ ಇಲ್ಲ. ನಿಮಿಷಕ್ಕೆ 70ರಿಂದ 80 ಸುತ್ತು ಹಗುರವಾಗಿ ತುಳಿಯಿರಿ. ಭಾರದ ಗೇರಿನಲ್ಲಿ ನಿಧಾನ ಒತ್ತುವುದು ಶಕ್ತಿಯಂತೆ ಕಂಡರೂ ಮಂಡಿಚಿಪ್ಪಿಗೆ ಕಷ್ಟ. ಗೇರನ್ನು ಏರು ಶುರುವಾಗುವ ಮುಂಚೆ ಬದಲಿಸಬೇಕು. ಅರ್ಧ ಹತ್ತಿ, ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟು ಬದಲಿಸಿದರೆ ಚೈನು ಕರಕರ ಎಂದು ಕಳಚಿಕೊಳ್ಳುತ್ತದೆ.

ಸೀಟಿನ ಎತ್ತರ ಎಷ್ಟಿರಬೇಕು?

ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕು (ಪೆಡಲ್ ಹಿಡಿಯುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಕಾಲಿನ ಅಳತೆ 74 ಸೆಂ.ಮೀ. ಇದ್ದರೆ 65.3, 82 ಇದ್ದರೆ 72.4. ಅಂದರೆ ಇಬ್ಬರ ನಡುವೆ ಏಳು ಸೆಂ.ಮೀ. ವ್ಯತ್ಯಾಸ. ಒಬ್ಬರ ಸೈಕಲ್ಲನ್ನು ಇನ್ನೊಬ್ಬರು ತುಳಿದರೆ ಮಂಡಿ ನೋಯುವುದು ಇದಕ್ಕೇ. ಸೀಟುಗೋಲಿನ ಮೇಲೆ ಇಬ್ಬರ ಅಳತೆಗೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿಡಿ.

ಪರೀಕ್ಷೆ ಸುಲಭ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಅತಿ ತಗ್ಗಿಗೆ ತಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಅತ್ತಿತ್ತ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ ಅಥವಾ ಗೇರು ಭಾರವಾಗಿದೆ. ಮಂಡಿಯ ಹಿಂದೆ ನೋವಾದರೆ ಸೀಟು ಎತ್ತರವಾಗಿದೆ. ಒಂದು ಸಲಕ್ಕೆ ಅರ್ಧ ಸೆಂ.ಮೀ. ಮಾತ್ರ ಬದಲಿಸಿ, ಎರಡು ಮೂರು ದಿನ ತುಳಿದು ನೋಡಿ.

ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಪೂರ್ತಿ ಊರಬೇಕು ಎಂದು ಸೀಟನ್ನು ಇಳಿಸಿಕೊಳ್ಳುವವರು ಬಹಳ. ಕಲಿಯುವವರಿಗೆ ಅದು ಸರಿ. ಕಲಿತ ಮೇಲೆ ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯುವುದನ್ನು ರೂಢಿಸಿಕೊಳ್ಳಬೇಕು.

ನಮ್ಮಲ್ಲಿ ಒಬ್ಬರಿಗೆ ಸೈಕಲ್ಲೇ ಬರುವುದಿಲ್ಲ. ಈಗ ಕಲಿಯಬಹುದೇ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು. ಅಣ್ಣ ಒಳಪೆಡಲ್ ಹಾಕಿ ಕಲಿತ, ತಂಗಿಗೆ ಸೈಕಲ್ ಕೊಡಲಿಲ್ಲ, ಅಷ್ಟೇ. ಬ್ಯಾಲೆನ್ಸಿಗೆ ವಯಸ್ಸಿನ ಮಿತಿಯಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕೈದು ದಿನಗಳಲ್ಲಿ ಹಲವರಿಗೆ ಬರುತ್ತದೆ, ಕೆಲವರಿಗೆ ಎರಡು ವಾರ ಹಿಡಿಯುತ್ತದೆ.

ಗಂಡ ಹಿಂದಿನಿಂದ ಸೀಟು ಹಿಡಿದು ಓಡುವ ಪದ್ಧತಿ ಬೇಡ. ಹಿಡಿದವರ ಕೈಯೇ ಬ್ಯಾಲೆನ್ಸ್ ಮಾಡುವುದರಿಂದ ಕೂತವರು ಏನೂ ಕಲಿಯುವುದಿಲ್ಲ. ಮೇಲಾಗಿ ಐವತ್ತೈದರಲ್ಲಿ ಬಗ್ಗಿ ಓಡಿದವರ ಸೊಂಟ ಹಿಡಿದುಕೊಳ್ಳುತ್ತದೆ. ಬದಲಿಗೆ ಹೀಗೆ ಮಾಡಿ.

ಎರಡೂ ಪೆಡಲ್ ಬಿಚ್ಚಿ. 15 ಮಿ.ಮೀ. ಸ್ಪ್ಯಾನರ್ ಬೇಕು. ಎಡ ಪೆಡಲಿನ ಥ್ರೆಡ್ಡು ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಬಲಪ್ರಯೋಗ ಮಾಡಿ ಕ್ರ್ಯಾಂಕಿನ ಥ್ರೆಡ್ಡನ್ನೇ ಹಾಳು ಮಾಡಿಕೊಳ್ಳುತ್ತಾರೆ. ಸೀಟನ್ನು ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರುವಷ್ಟು ಇಳಿಸಿ.

ಮೊದಲ ಪಾಠ ಬ್ರೇಕು. ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆಯುತ್ತಾ ಹತ್ತು ಸಲ ನಿಲ್ಲಿಸಲಿ. ಯಾವ ಕೈಯ ಲಿವರ್ ಮುಂದಿನ ಚಕ್ರದ್ದು ಎಂದು ಇಲ್ಲೇ ನೋಡಿಕೊಳ್ಳಿ, ಎಲ್ಲ ಸೈಕಲ್ಲಿನಲ್ಲೂ ಒಂದೇ ಥರ ಇರುವುದಿಲ್ಲ. ಆಮೇಲೆ ಸೀಟಿನ ಮೇಲೆ ಕೂತು ನಡಿಗೆ. ನಡಿಗೆ ಉದ್ದನೆಯ ಹೆಜ್ಜೆಯಾಗಲಿ, ಹೆಜ್ಜೆ ಜಾರುಬಂಡಿಯಂತಾಗಲಿ. ಇಪ್ಪತ್ತು ಮೂವತ್ತು ಮೀಟರಿನ ಸಣ್ಣ ಇಳಿಜಾರಿದ್ದರೆ ಚೆನ್ನ. ಎರಡೂ ಕಾಲು ಎತ್ತಿಕೊಂಡು ಐದು ಸೆಕೆಂಡು ಹೋಗಲು ಬಂತೆಂದರೆ ಬ್ಯಾಲೆನ್ಸ್ ಬಂದಂತೆ. ಚಕ್ರ ನೋಡಬಾರದು, ಹದಿನೈದು ಮೀಟರ್ ಮುಂದೆ ನೋಡಬೇಕು. ಸೈಕಲ್ ಯಾವ ಕಡೆ ವಾಲುತ್ತದೋ ಅದೇ ಕಡೆಗೆ ಹ್ಯಾಂಡಲ್ ಸ್ವಲ್ಪ ತಿರುಗಿಸಬೇಕು. ಭಯದಲ್ಲಿ ಎಲ್ಲರೂ ಉಲ್ಟಾ ತಿರುಗಿಸುತ್ತಾರೆ, ಬೀಳುವುದು ಅದಕ್ಕೇ.

ಆಮೇಲೆ ಗ್ರೀಸ್ ಸವರಿ ಪೆಡಲ್ ಕೂರಿಸಿ. ಒಂದು ಪೆಡಲನ್ನು ಗಡಿಯಾರದಲ್ಲಿ ಎರಡು ಗಂಟೆಯ ಮುಳ್ಳು ಇರುವ ಜಾಗಕ್ಕೆ ಎತ್ತಿಟ್ಟು ಒತ್ತಿ ಹೊರಟರೆ ಮೊದಲ ತಳ್ಳು ಸಿಗುತ್ತದೆ. ಎರಡು ನೀರಿನ ಬಾಟಲಿಗಳನ್ನು ಆರು ಮೀಟರ್ ದೂರದಲ್ಲಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತಬೇಕು. ಒಂದು ಕೈ ಬಿಟ್ಟು ಸನ್ನೆ ಮಾಡಲು, ಹೆಗಲ ಮೇಲಿಂದ ಹಿಂದಕ್ಕೆ ನೋಡಲು ಬರುವವರೆಗೆ ವಾಹನವಿರುವ ರಸ್ತೆಗೆ ಇಳಿಯಬಾರದು. ಇನ್ನೊಂದು ಮಾತು: ಕಲಿಸುವಾಗ ಗಂಡಂದಿರು ಕಡಿಮೆ ಮಾತಾಡಬೇಕು. ಒಂದು ಸುತ್ತಿಗೆ ಒಂದೇ ಸೂಚನೆ ಸಾಕು.

ಒಬ್ಬರು ವೇಗ, ಒಬ್ಬರು ನಿಧಾನ. ಒಟ್ಟಿಗೆ ಹೋಗುವುದು ಹೇಗೆ?

ನಿಧಾನದವರು ಮುಂದೆ, ವೇಗದವರು ಹಿಂದೆ. ಇದೊಂದು ನಿಯಮ ಪಾಲಿಸಿದರೆ ಅರ್ಧ ಜಗಳ ಕಡಿಮೆ. ವೇಗದವರು ಮುಂದಿದ್ದರೆ ಸಿಗ್ನಲ್ಲಿನಲ್ಲಿ ಕಾದು ನಿಲ್ಲುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುವಷ್ಟರಲ್ಲಿ ಇವರಿಗೆ ವಿಶ್ರಾಂತಿ ಮುಗಿದಿರುತ್ತದೆ, ಹಸಿರು ದೀಪ ಬಂದಿರುತ್ತದೆ. ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ. ‘ರೀ, ಸ್ವಲ್ಪ ನಿಧಾನ’ ಎಂದು ಹಿಂದಿನಿಂದ ಕೂಗಿದ್ದು ಗಾಳಿಯಲ್ಲಿ ಮುಂದಿನವರಿಗೆ ಕೇಳಿಸುವುದೂ ಇಲ್ಲ.

ವೇಗದವರಿಗೆ ಬೆವರು ಹರಿಸುವ ಆಸೆಯಿದ್ದರೆ ವಾರದಲ್ಲಿ ಒಂದು ದಿನ ಒಬ್ಬರೇ ಹೋಗಲಿ. ಜೊತೆಯ ದಿನ ಜೊತೆಯ ವೇಗ. ಅಥವಾ ಬಡಾವಣೆಯಲ್ಲಿ ಒಂದು ಕಿ.ಮೀ. ಸುತ್ತು ಗುರುತು ಮಾಡಿಕೊಂಡು ಅವರವರ ವೇಗದಲ್ಲಿ ಸುತ್ತಬಹುದು, ಯಾರೂ ಕಳೆದುಹೋಗುವುದಿಲ್ಲ.

ರಸ್ತೆಯಲ್ಲಿ ಅಕ್ಕಪಕ್ಕ ಮಾತಾಡುತ್ತಾ ಹೋಗುವ ಆಸೆ ಬಿಡಿ. ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಮೂರು ಸೈಕಲ್ ಉದ್ದದ ಅಂತರ. ಮುಂದಿನವರು ‘ಗುಂಡಿ’, ‘ಹಂಪು’, ‘ಡೋರು’ ಎಂದು ಒಂದೇ ಪದ ಕೂಗಲಿ. ‘ಬಾ, ಯಾರೂ ಇಲ್ಲ’ ಎಂದು ಮಾತ್ರ ಎಂದೂ ಕೂಗಬೇಡಿ. ಮುಂದಿನವರು ದಾಟಿದ ಮೂರು ಸೆಕೆಂಡಿನಲ್ಲಿ ಟೆಂಪೋ ಬಂದಿರುತ್ತದೆ. ದಾಟುವ ನಿರ್ಧಾರ ಅವರವರ ಕಣ್ಣಿನದು.

ವ್ಯತ್ಯಾಸ ತೀರಾ ಹೆಚ್ಚಿದ್ದರೆ ಬ್ಯಾಟರಿ ಸೈಕಲ್ ಕೊಳ್ಳಬಹುದೇ?

ಕೊಳ್ಳಬಹುದು, ನಿಧಾನದವರಿಗೆ ಮಾತ್ರ. ಮೋಟಾರು 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ನಿಯಮದಂತೆ ಅದು ಮೋಟಾರು ವಾಹನವಲ್ಲ, ನೋಂದಣಿ, ಲೈಸೆನ್ಸ್ ಬೇಡ. ಪೆಡಲ್ ತುಳಿದಾಗ ಮಾತ್ರ ಸಹಾಯ ಮಾಡುವ ವ್ಯವಸ್ಥೆ ಇರುವುದನ್ನೇ ಆರಿಸಿ. ಸ್ಕೂಟರಿನಂತೆ ಕೈಯಲ್ಲಿ ತಿರುಗಿಸುವ ಥ್ರಾಟಲ್ ಮಾತ್ರ ಇದ್ದರೆ ಅದು ಬಡವರ ಸ್ಕೂಟರ್ ಆಗಿಬಿಡುತ್ತದೆ. ತೂಕ ಇಪ್ಪತ್ತು ಕಿಲೋ ದಾಟಬಹುದು, ಲಿಫ್ಟ್ ಇಲ್ಲದ ಮೂರನೇ ಮಹಡಿಯವರು ಯೋಚಿಸಿ. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗಬೇಡಿ.

ಇಬ್ಬರೂ ತುಳಿಯುವ ಒಂದೇ ಉದ್ದ ಸೈಕಲ್?

ವೇಗದ ಸಮಸ್ಯೆಗೆ ಅದೇ ನಿಜವಾದ ಪರಿಹಾರ. ಆದರೆ ದುಬಾರಿ, ಲಿಫ್ಟಿಗೆ ಹಿಡಿಯುವುದಿಲ್ಲ. ಹಿಂದೆ ಕೂತವರಿಗೆ ಗುಂಡಿ ಕಾಣುವುದಿಲ್ಲ, ಬೆಂಗಳೂರಿನಲ್ಲಿ ಅದು ಸಣ್ಣ ವಿಷಯವಲ್ಲ. ಬಾಡಿಗೆಗೆ ಸಿಕ್ಕರೆ ಒಂದು ದಿನ ತುಳಿದು ನೋಡಿ.

ಎಲ್ಲಿ, ಯಾವ ಹೊತ್ತಿಗೆ?

ಬೆಳಕು ಹರಿದ ಮೇಲೆ, ಶಾಲಾ ವಾಹನಗಳು ಹೊರಡುವ ಮುಂಚೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಜೂನ್ ಮೊದಲಲ್ಲಿ 5.55ರ ಹೊತ್ತಿಗೆ. ಹಾಗಾಗಿ ವರ್ಷವಿಡೀ ಒಂದೇ ಅಲಾರಂ ನಡೆಯುವುದಿಲ್ಲ. ಕತ್ತಲಲ್ಲಿ ಹೊರಡುವುದಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಬ್ಬರಿಗೂ ಇರಬೇಕು. ನಮ್ಮಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ. ಬೆಳಗ್ಗೆ ಮಳೆ ಇಲ್ಲದಿದ್ದರೂ ರಾತ್ರಿಯ ನೀರು ಗುಂಡಿಯನ್ನು ಮುಚ್ಚಿರುತ್ತದೆ, ನೀರು ನಿಂತ ಕಡೆ ಆಳ ಗೊತ್ತಿಲ್ಲದೆ ನುಗ್ಗಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೊಂಗೆ ಹೂ ಹಾಸಿದ ರಸ್ತೆ ಚೆಂದ. ಒಂದು ಹನಿ ಬಿದ್ದರೆ ಜಾರುತ್ತದೆ, ಅದರ ಮೇಲೆ ಬ್ರೇಕು ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ.

ಕಬ್ಬನ್ ಪಾರ್ಕಿನೊಳಗೆ ಭಾನುವಾರ ಮೋಟಾರು ವಾಹನ ಬಿಡುವುದಿಲ್ಲ. ಬೇಗ ಹೋದರೆ ಚೆನ್ನ, ಹೊತ್ತೇರಿದರೆ ಮಕ್ಕಳು, ನಾಯಿಗಳು, ವಾಕಿಂಗಿನವರ ಜಾತ್ರೆ. ಕೆಂಗೇರಿ ಆಚೆಯ ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ, ಇನ್ನೂ ಮನೆ ತುಂಬದ ಬಿಡಿಎ ಬಡಾವಣೆಗಳಲ್ಲಿ ಅಗಲ ರಸ್ತೆ, ಕಡಿಮೆ ವಾಹನ, ಆದರೆ ಬೀದಿನಾಯಿ ಜಾಸ್ತಿ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ಇಳಿದು ಸೈಕಲ್ಲನ್ನು ಅದಕ್ಕೂ ನಿಮಗೂ ನಡುವೆ ಹಿಡಿದು ನಡೆಯಿರಿ. ಓಡುವ ಚಕ್ರ ನಿಂತರೆ ಸಾಮಾನ್ಯವಾಗಿ ಅದರ ಉಮೇದೂ ನಿಲ್ಲುತ್ತದೆ. ತುಳಿತ ಪಳಗಿದ ಮೇಲೆ ಹೆಸರಘಟ್ಟದ ಕಡೆ ಹೋಗಿ. ಬಿಡದಿಯ ತಟ್ಟೆ ಇಡ್ಲಿಗೆ ಹೋಗುವವರು ಗಮನಿಸಿ: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಎಲ್ಲಕ್ಕೂ ನಿಷೇಧವಿದೆ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಮೀಟರ್ ದೂರವಿರಲಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಬಿಎಂಟಿಸಿ ಬಸ್ಸು ನಿಲ್ದಾಣಕ್ಕೆ ವಾಲುವಾಗ ಎಡಗಡೆಯ ಸಂದಿಗೆ ನುಗ್ಗಬೇಡಿ, ಹಿಂದೆ ನಿಲ್ಲಿ. ಚರಂಡಿಯ ಕಬ್ಬಿಣದ ಜಾಲರಿಯ ಸಂದುಗಳು ರಸ್ತೆಯುದ್ದಕ್ಕೇ ಇದ್ದರೆ ಟೈರು ಅದರೊಳಗೆ ಇಳಿಯುತ್ತದೆ.

ಕೂತರೆ ನೋವು. ಜೆಲ್ ಕವರ್ ಹಾಕಲೇ?

ಬೇಡ. ಮೆತ್ತಗಿದ್ದಷ್ಟೂ ಮೂಳೆ ಒಳಗಿಳಿದು, ನಡುವಿನ ಮೃದು ಭಾಗಕ್ಕೆ ಒತ್ತಡ ಹೆಚ್ಚುತ್ತದೆ. ಕೂರುವ ಎರಡು ಮೂಳೆಗಳ ಮೇಲೆ ಭಾರ ಬೀಳುವಷ್ಟು ಅಗಲದ, ನಡುವೆ ತೆರಪಿರುವ ಸೀಟು ಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಇನ್ನೂ ಅಗಲ. ಮೊದಲ ಎರಡು ಮೂರು ವಾರದ ಮೂಳೆನೋವು ಸಹಜ. ಮರಗಟ್ಟುವುದು ಸಹಜವಲ್ಲ, ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಇಳಿಸಿ, ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ.

ಮುಟ್ಟು ನಿಂತ ಮೇಲೆ ಅಲ್ಲಿನ ಚರ್ಮ ಒಣಗಿ ಉರಿಯುವುದುಂಟು. ಹೇಳಿಕೊಳ್ಳಲು ಸಂಕೋಚಪಟ್ಟು ಸೈಕಲ್ಲನ್ನೇ ಬಿಡುತ್ತಾರೆ, ಸ್ತ್ರೀರೋಗ ತಜ್ಞರ ಬಳಿ ಇದಕ್ಕೆ ಔಷಧವಿದೆ. ಗಂಡಸರು ಪ್ರಾಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆಗೆ ಮುಂಚಿನ 48 ಗಂಟೆ ಸೈಕಲ್ ತುಳಿಯಬಾರದು, ಅಂಕಿ ಸುಳ್ಳೇ ಏರಬಹುದು.

ಗಾಳಿ ಎಷ್ಟು? ಪಂಕ್ಚರ್ ಆದರೆ?

38 ಮಿ.ಮೀ. ಟೈರಿಗೆ 60 ಕಿಲೋ ತೂಕದವರು ಮುಂದೆ 45–50, ಹಿಂದೆ 50–55 ಪಿಎಸ್‌ಐ (ಪಂಪಿನ ಗೇಜ್ ತೋರಿಸುವ ಗಾಳಿಯೊತ್ತಡದ ಅಳತೆ). 80 ಕಿಲೋದವರು ಎರಡಕ್ಕೂ ಹತ್ತು ಹೆಚ್ಚು. ಟೈರಿನ ಪಕ್ಕದಲ್ಲಿ ಅಚ್ಚಾದ ಮಿತಿ ಮೀರಬೇಡಿ. ವಾರಕ್ಕೊಮ್ಮೆ ಗೇಜ್ ಇರುವ ಪಂಪಿನಲ್ಲಿ ನೋಡಿ, ಹೆಬ್ಬೆರಳಿನಿಂದ ಒತ್ತಿ ನೋಡುವ ಅಳತೆ ನಂಬಬೇಡಿ. ಸಪೂರ ಪ್ರೆಸ್ಟಾ ವಾಲ್ವ್ ಇದ್ದರೆ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಯಲು ಹಿತ್ತಾಳೆಯ ಅಡಾಪ್ಟರ್ ಬೇಕು, ಬೆರಳುಗುರಿನಷ್ಟಿರುವ ಅದನ್ನು ವಾಲ್ವಿಗೇ ತಿರುಗಿಸಿಟ್ಟುಕೊಳ್ಳಿ.

ದಾರಿಯಲ್ಲಿ ತೇಪೆ ಹಾಕುವ ಬದಲು ಟ್ಯೂಬ್ ಬದಲಿಸಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳನ್ನೋ ಸ್ಟೇಪಲ್ ಪಿನ್ನನ್ನೋ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಐದು ನಿಮಿಷಕ್ಕೆ ಅದೇ ಕಥೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆಯಿಟ್ಟು ಗುಂಡಿಗೆ ಇಳಿಸಿದ್ದೀರಿ. ತೂತು ರಿಮ್ಮಿನ ಕಡೆಗಿದ್ದರೆ ಒಳಗಿನ ರಿಮ್ ಟೇಪು ಸರಿದಿದೆ. ಮನೆಯಲ್ಲಿ ತೇಪೆ ಹಾಕುವಾಗ ಉಜ್ಜಿ, ಸಲ್ಯೂಷನ್ ಹಚ್ಚಿ, ಮೂರರಿಂದ ಐದು ನಿಮಿಷ ಕಾಯಿರಿ. ಹಸಿಯಲ್ಲೇ ಅಂಟಿಸಿದ ತೇಪೆ ಕಿತ್ತುಬರುತ್ತದೆ. ಕಿಟ್ ಇಬ್ಬರ ಬಳಿಯೂ ಇರಲಿ, ಟ್ಯೂಬ್ ಬದಲಿಸಲು ಇಬ್ಬರಿಗೂ ಬರಲಿ.

ಚೈನಿಗೆ ಕೊಬ್ಬರಿ ಎಣ್ಣೆ ನಡೆಯುತ್ತದೆಯೇ?

ಇಲ್ಲ, ಧೂಳು ಹಿಡಿದು ಕರಿ ಮೇಣವಾಗುತ್ತದೆ. ಚೈನ್ ಲೂಬ್ ಅನ್ನು 150–200 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ನೆನೆದರೆ ಅಂದೇ ಒರೆಸಿ, ಕೊಂಡಿಗೊಂದು ಹನಿ ಬಿಟ್ಟು, ಹೊರಗಿನದನ್ನೆಲ್ಲ ಒರೆಸಿಬಿಡಿ. ಕೆಲಸ ಮಾಡುವುದು ಕೊಂಡಿಯ ಒಳಗಿನ ಎಣ್ಣೆ.

ಹೆಲ್ಮೆಟ್ ಕಡ್ಡಾಯವೇ?

ಕಾನೂನು ಸೈಕಲ್ಲಿಗೆ ಕಡ್ಡಾಯ ಮಾಡಿಲ್ಲ, ಆದರೂ ಹಾಕಿ. ಹುಬ್ಬಿನಿಂದ ಎರಡು ಬೆರಳು ಮೇಲೆ, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದ ಕೆಳಗೆ ಒಂದೇ ಬೆರಳು ತೂರಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಹಣೆಗೆ ಜಾರುತ್ತದೆ, ತಗ್ಗಿಸಿ ಜಡೆ ಹಾಕಿಕೊಳ್ಳಿ. ಒಮ್ಮೆ ಬಿದ್ದು ತಲೆಗೆ ಏಟು ಬಿದ್ದ ಹೆಲ್ಮೆಟನ್ನು ಬಿರುಕು ಕಾಣದಿದ್ದರೂ ಬದಲಿಸಿ. ದುಪಟ್ಟಾ ಮನೆಯಲ್ಲೇ ಇರಲಿ.

ತೂಕ ಇಳಿಯುತ್ತದೆಯೇ? ಮೂಳೆ ಗಟ್ಟಿಯಾಗುತ್ತದೆಯೇ?

ಎಪ್ಪತ್ತು ಕಿಲೋ ತೂಕದವರು ಆರಾಮವಾಗಿ ಒಂದು ಗಂಟೆ ತುಳಿದರೆ ಖರ್ಚಾಗುವುದು ಸುಮಾರು 350–400 ಕ್ಯಾಲರಿ. ವಾಪಸ್ ಬರುವಾಗ ಬೆಣ್ಣೆ ಮಸಾಲೆ ದೋಸೆ, ಜೊತೆಗೆ ಕೇಸರಿಬಾತ್ ತಿಂದರೆ ಲೆಕ್ಕ ಚುಕ್ತಾ, ಮೇಲೆ ಸ್ವಲ್ಪ ಸಾಲ. ಒಂದು ಗಂಟೆಯ ಸವಾರಿಗೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೀಟರ್ ನೀರು ಸಾಕು. ಒಂದೂವರೆ ಗಂಟೆ ದಾಟಿದರೆ ನೀರಿಗೆ ನಿಂಬೆ, ಬೆಲ್ಲ, ಚಿಟಿಕೆ ಉಪ್ಪು.

ಮೂಳೆಯ ವಿಷಯ ಬೇರೆ. ಸೈಕಲ್ಲಿನಲ್ಲಿ ದೇಹದ ಭಾರ ಸೀಟಿನ ಮೇಲಿರುವುದರಿಂದ ಮಂಡಿಗೆ ಹಿತ, ಆದರೆ ಮೂಳೆ ಗಟ್ಟಿಯಾಗಲು ಬೇಕಾದ ಒತ್ತಡ ಸಿಗುವುದಿಲ್ಲ. ಮುಟ್ಟು ನಿಂತ ಹೆಂಗಸರು ವಾರಕ್ಕೆ ಎರಡು ದಿನ ತೂಕ ಎತ್ತುವ ವ್ಯಾಯಾಮ, ಚುರುಕು ನಡಿಗೆ, ಮೆಟ್ಟಿಲು ಹತ್ತುವುದನ್ನು ಬಿಡಬಾರದು.

ನಂದಿ ಬೆಟ್ಟ ಯಾವಾಗ?

ತಪ್ಪಲಿನಿಂದ ಸುಮಾರು ಏಳೂವರೆ ಕಿ.ಮೀ. ಏರು, ತುದಿ 1,478 ಮೀಟರ್. ಊರೊಳಗೆ ವಾರಕ್ಕೆ ಮೂರು ದಿನ, 20 ನಿಮಿಷದಿಂದ ಶುರು ಮಾಡಿ, ವಾರ ವಾರ ಹತ್ತರಲ್ಲೊಂದು ಪಾಲು ಏರಿಸುತ್ತಾ, ಎರಡು ಗಂಟೆ ಎಡೆಬಿಡದೆ ತುಳಿಯಲು ಇಬ್ಬರಿಗೂ ಬಂದ ಮೇಲೆ ಯೋಚಿಸಿ. ಹತ್ತುವುದಕ್ಕಿಂತ ಇಳಿಯುವುದು ಅಪಾಯ. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡರೆ ರಿಮ್ಮು ಕಾದು ಹಿಡಿತ ತಗ್ಗುತ್ತದೆ, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ, ತಿರುವಿನೊಳಗೆ ಒತ್ತಬೇಡಿ. ಹತ್ತುವಾಗ ಇಳಿದು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನಿಲ್ಲ, ಬೇಕಾದಷ್ಟು ಜನ ಹಾಗೇ ಹತ್ತುತ್ತಾರೆ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಡಬಹುದೇ?

ತೆಳು ವೈರ್ ಲಾಕ್ ಸಣ್ಣ ಕಟರ್‌ಗೆ ತುಂಡಾಗುತ್ತದೆ. ಯು ಲಾಕನ್ನು ಫ್ರೇಮು ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ, ನೆಲಕ್ಕೆ ಕೂರಿಸಿದ ಕಂಬಿಗೆ ಹಾಕಿ. ಎರಡು ಸೈಕಲ್ಲನ್ನು ಒಂದಕ್ಕೊಂದು ಸೇರಿಸಿ ಬಿಟ್ಟರೆ ಕಳ್ಳರು ಎರಡನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ. ಕ್ರ್ಯಾಂಕಿನ ಅಚ್ಚಿನ ಕೆಳಗೆ ಕೊರೆದ ಫ್ರೇಮ್ ನಂಬರಿನ ಫೋಟೋ ಮತ್ತು ಬಿಲ್ಲಿನ ಫೋಟೋ ಇಬ್ಬರ ಫೋನಿನಲ್ಲೂ ಇರಲಿ, ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ಮೊದಲು ಕೇಳುವುದು ಅದನ್ನೇ.